ಕೂಡುವ, ಕಳೆಯುವ ಲೆಕ್ಕದಲ್ಲಿ ಮಗು ಎಡವುತ್ತಿದ್ದರೆ

ನಲವತ್ತೆರಡರಲ್ಲಿ ಹದಿನೇಳನ್ನು ಕಳೆದರೆ ಎಷ್ಟು? ಎರಡನೆಯ ಅಥವಾ ಮೂರನೆಯ ತರಗತಿಯ ಮಗು ‘35’ ಎಂದು ಬರೆದರೆ ಪಾಲಕರು ಅದನ್ನು ಅಜಾಗರೂಕತೆಯೆಂದು ಭಾವಿಸಿ ಗದರುವುದುಂಟು. ವಾಸ್ತವದಲ್ಲಿ ಅದು ಅಜಾಗರೂಕತೆಯಲ್ಲ. ಎರಡರಲ್ಲಿ ಏಳು ಹೋಗದೆಂದು ಕಂಡ ಮಗು ಏಳರಲ್ಲಿ ಎರಡು ಕಳೆದು ಐದು ಬರೆದಿದೆ, ನಾಲ್ಕರಲ್ಲಿ ಒಂದು ಕಳೆದು ಮೂರು ಬರೆದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಮೊದಲು ಕಲಿತ ಪಾಠವನ್ನು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ತಿಳಿಯದಿರುವುದು ಒಂದೇ: 42ರಲ್ಲಿರುವ 4 ಎಂದರೆ ನಾಲ್ಕಲ್ಲ, ನಾಲ್ಕು ಹತ್ತು.

ಇದು ಮನದಟ್ಟಾಗದೆ ಮುಂದಿನ ತರಗತಿಗೆ ಸಾಗಿದ ಮಗು ಭಾಗಾಕಾರದ ಎದುರು ಕೈಚೆಲ್ಲುತ್ತದೆ. ಅಷ್ಟರಲ್ಲಿ ‘ದಡ್ಡ’ ಎಂಬ ಹಣೆಪಟ್ಟಿಯೂ ಅಂಟಿರುತ್ತದೆ. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು ಮತ್ತು ಮೂಲ ಲೆಕ್ಕ ಬರಬೇಕೆಂಬ ಗುರಿಯೊಂದಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ‘ನಿಪುಣ ಭಾರತ’ ಯೋಜನೆ ಆರಂಭಿಸಿದ್ದು ಇಂಥ ಹಿಂದುಳಿಯುವಿಕೆಯನ್ನು ತಡೆಯಲೆಂದೇ.

ಈ ತೊಡಕಿಗೆ ಪರಿಹಾರ ಪುಸ್ತಕದಲ್ಲಿಲ್ಲ, ಕೈಗೆ ಸಿಗುವ ವಸ್ತುಗಳಲ್ಲಿದೆ. ದಾವಣಗೆರೆ ತಾಲ್ಲೂಕಿನ ಆನಗೋಡು ಹೋಬಳಿಯಂಥ ಮೆಕ್ಕೆಜೋಳ ಬೆಳೆಯುವ ಸೀಮೆಯಲ್ಲಿ ಅದಕ್ಕಾಗಿ ಹಣ ಕೊಟ್ಟು ಏನನ್ನೂ ತರಬೇಕಿಲ್ಲ. ಹತ್ತು ಹತ್ತು ಕಾಳುಗಳನ್ನು ಎಣಿಸಿ ಖಾಲಿ ಬೆಂಕಿಪೊಟ್ಟಣಗಳಲ್ಲಿ ತುಂಬಿದರಾಯಿತು. ನಗರದ ಮನೆಗಳಲ್ಲಿ ಹುಣಸೆಬೀಜ ಸಾಕು, ರಬ್ಬರ್ ಬ್ಯಾಂಡ್ ಸುತ್ತಿದ ಕಡ್ಡಿಯ ಕಟ್ಟುಗಳೂ ನಡೆದಾವು. 42 ಎಂದರೆ ನಾಲ್ಕು ಪೊಟ್ಟಣ, ಎರಡು ಬಿಡಿ ಕಾಳು. ಹದಿನೇಳನ್ನು ತೆಗೆಯಲು ಏಳು ಬಿಡಿ ಕಾಳು ಬೇಕು, ಇರುವುದು ಎರಡೇ. ಒಂದು ಪೊಟ್ಟಣ ಬಿಚ್ಚುವ ಉಪಾಯ ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಈಗ ಮೂರು ಪೊಟ್ಟಣ, ಹನ್ನೆರಡು ಬಿಡಿ. ಏಳು ತೆಗೆದರೆ ಐದು, ಒಂದು ಪೊಟ್ಟಣ ತೆಗೆದರೆ ಎರಡು, ಉತ್ತರ 25. ಇದನ್ನೇ ಶಾಲೆಗಳಲ್ಲಿ ‘ಸಾಲ ತರುವುದು’ ಎನ್ನುವ ರೂಢಿಯಿದೆ. ಯಾರೂ ಎಂದೂ ತೀರಿಸದ ಈ ಸಾಲ ಮಗುವನ್ನು ಗೊಂದಲಕ್ಕೆ ಕೆಡವಿದರೆ ಆಶ್ಚರ್ಯವಿಲ್ಲ. ‘ಪೊಟ್ಟಣ ಬಿಚ್ಚುವುದು’ ಎಂಬುದೇ ಸರಿಯಾದ ಮಾತು.

ವಸ್ತುವಿನಲ್ಲಿ ಕೈ ಪಳಗಿದ ಮೇಲೆ ಚಿತ್ರ, ಕೊನೆಗೆ ಅಂಕಿ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ‘ನಲಿ-ಕಲಿ’ ಪದ್ಧತಿ ಚಟುವಟಿಕೆಗೆ ಆದ್ಯತೆ ನೀಡಿತು. ಅಕ್ಷರ ಫೌಂಡೇಷನ್ ಸರ್ಕಾರದೊಡನೆ ಕೈಗೊಂಡ ‘ಗಣಿತ ಕಲಿಕಾ ಆಂದೋಲನ’ 4 ಮತ್ತು 5ನೆಯ ತರಗತಿಗಳಿಗೆ ಕಲಿಕಾ ಸಾಮಗ್ರಿಗಳ ಪೆಟ್ಟಿಗೆಯನ್ನೇ ಒದಗಿಸಿತು.

ಬೆರಳೆಣಿಕೆಯನ್ನು ನಿಷೇಧಿಸುವ ಪಾಲಕರು ಮಗುವಿಗೆ ಅನ್ಯಾಯ ಮಾಡುತ್ತಾರೆ. 5ಕ್ಕೆ 3 ಕೂಡುವಾಗ ಮಗು ಮೊದಲು ಎಲ್ಲವನ್ನೂ ಒಂದರಿಂದ ಎಣಿಸುತ್ತದೆ. ಬಳಿಕ ಐದರಿಂದ ಮುಂದಕ್ಕೆ ಆರು, ಏಳು, ಎಂಟು ಎನ್ನುತ್ತದೆ. ಕ್ರಮೇಣ ಉತ್ತರ ನೆನಪಿನಿಂದಲೇ ಬರುತ್ತದೆ. ಬೆರಳು ಈ ಏರಿಕೆಯ ಒಂದು ಮೆಟ್ಟಿಲು. ಜೊತೆಗೆ ಹತ್ತಾಗುವ ಜೋಡಿಗಳು (7ಕ್ಕೆ 3, 8ಕ್ಕೆ 2) ಬಾಯಿಗೆ ಬಂದರೆ 8ಕ್ಕೆ 5 ಕೂಡುವುದು ಸುಲಭ: ಎಂಟಕ್ಕೆ ಎರಡು ಸೇರಿಸಿ ಹತ್ತು, ಉಳಿದದ್ದು ಮೂರು, ಒಟ್ಟು ಹದಿಮೂರು.

ಆಂಗ್ಲ ಮಾಧ್ಯಮದ ಮಕ್ಕಳ ವಿಷಯದಲ್ಲಿ ಕನ್ನಡದ ಸಂಖ್ಯಾವಾಚಕಗಳನ್ನು ಮರೆಯಬಾರದು. ‘ಹದಿಮೂರು’ ಎಂಬ ಪದದಲ್ಲಿ ಹತ್ತು ಮೊದಲು, ಮೂರು ಆಮೇಲೆ. ಬರವಣಿಗೆಯ ಕ್ರಮವೂ ಅದೇ. ‘ಥರ್ಟೀನ್’ ಎಂಬುದರಲ್ಲಿ ಮೂರು ಮೊದಲು ಬರುತ್ತದೆ, ‘ಥರ್ಟಿ’ಯೊಡನೆ ಕಿವಿಗೆ ಬೆರೆತೂ ಹೋಗುತ್ತದೆ. ‘ಇಲೆವೆನ್’, ‘ಟ್ವೆಲ್ವ್’ ಪದಗಳಲ್ಲಿ ಹತ್ತು ಕಾಣುವುದೇ ಇಲ್ಲ. ಮನೆಯಲ್ಲಿ ಎರಡೂ ಭಾಷೆಗಳಲ್ಲಿ ಎಣಿಸಿದರೆ ಮಗುವಿಗೆ ಹತ್ತರ ಸ್ಥಾನ ಬೇಗ ತಿಳಿಯುತ್ತದೆ.

ಅಂಗಡಿಯೂ ಒಳ್ಳೆಯ ಪಾಠಶಾಲೆ. 38 ರೂಪಾಯಿಯ ಸಾಮಾನಿಗೆ 50ರ ನೋಟು ಕೊಟ್ಟರೆ ಅಂಗಡಿಯವರು ಎರಡು ಕೊಟ್ಟು ‘ನಲವತ್ತು’, ಹತ್ತು ಕೊಟ್ಟು ‘ಐವತ್ತು’ ಎನ್ನುತ್ತಿದ್ದರು. ಕಳೆಯುವ ಲೆಕ್ಕ ಕೂಡುತ್ತಲೇ ಮುಗಿಯುತ್ತಿತ್ತು. ಮೊಬೈಲ್ ಪಾವತಿ ಬಂದ ಮೇಲೆ ಮಕ್ಕಳ ಕಣ್ಣಿಗೆ ಚಿಲ್ಲರೆ ಬೀಳುವುದೇ ಅಪರೂಪವಾಗಿದೆ. ವಾರಕ್ಕೊಮ್ಮೆಯಾದರೂ ನಗದು ಕೊಟ್ಟು ಮಂಡಕ್ಕಿ ತರಲು ಕಳುಹಿಸುವುದು ಲೇಸು. ಚೌಕಾಬಾರದ ಆಟವೂ ಎಣಿಕೆಗೆ ಹೇಳಿ ಮಾಡಿಸಿದಂತಿದೆ.

ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸ ಸಾಕು. ಉತ್ತರ ತಪ್ಪಿದಾಗ ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಬೇಕು. ಗಡಿಯಾರ ಹಿಡಿದು ಅವಸರಿಸುವುದು, ಅಕ್ಕನೊಡನೆ ಹೋಲಿಸುವುದು ಭಯವನ್ನಷ್ಟೇ ಬೆಳೆಸುತ್ತವೆ.

ತಿಂಗಳುಗಟ್ಟಲೆ ಹೀಗೆ ಕಲಿಸಿದರೂ ಸಣ್ಣ ಸಂಖ್ಯೆಗಳಲ್ಲಿ ಯಾವುದು ಹೆಚ್ಚೆಂಬುದೇ ತಿಳಿಯದಿದ್ದರೆ ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಅಗತ್ಯ. ಅನಂತರ ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರಲ್ಲಿ ವಿಚಾರಿಸಬೇಕು. ಇದು ಬುದ್ಧಿಮಾಂದ್ಯವಲ್ಲ. ಸಾಮಾನ್ಯವಾಗಿ ಎಂಟು ವರ್ಷದ ಸುಮಾರಿಗೆ ಇದರ ತಪಾಸಣೆ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೌಲ್ಯಮಾಪನದ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದಾಗಿದ್ದು, ಡಿಸ್ಕ್ಯಾಲ್ಕುಲಿಯಾ ಅದರ ವ್ಯಾಪ್ತಿಯಲ್ಲೇ ಬರುತ್ತದೆ.