ಕುರಿಯ ಕಾಲು, ನೆರೆಮನೆಯ ಪಾಲು

ಕುರ್ಬಾನಿಯ ಮಾಂಸವನ್ನು 3 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ತಿನ್ನುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರೇ? ಆಬಿಸ್ ಬಿನ್ ರಬೀಆ ಎಂಬವರು ಈ ಪ್ರಶ್ನೆಯನ್ನು ಹಝ್ರತ್ ಆಯಿಶಾ(ರ)ರ ಮುಂದಿಟ್ಟರು. ಜನರು ಹಸಿವಿನಿಂದ ಬಳಲಿದ ಒಂದು ವರ್ಷದಲ್ಲಿ ಮಾತ್ರ ಹಾಗೆ ಆಜ್ಞಾಪಿಸಲಾಗಿತ್ತು, ಉಳ್ಳವರು ಇಲ್ಲದವರಿಗೆ ಉಣಿಸಲಿ ಎಂಬುದೇ ಅದರ ಉದ್ದೇಶವಾಗಿತ್ತು ಎಂದು ಅವರು ಉತ್ತರಿಸಿದರು. ಅಷ್ಟಕ್ಕೇ ನಿಲ್ಲಿಸದೆ ತಮ್ಮ ಮನೆಯ ಸಂಗತಿಯನ್ನೂ ಹೇಳಿದರು: ಅವರು ಕುರಿಯ ಕಾಲುಗಳನ್ನು ತೆಗೆದಿಟ್ಟು 15 ದಿನಗಳ ನಂತರ ತಿನ್ನುತ್ತಿದ್ದರು. ಅಂಥ ಅನಿವಾರ್ಯವೇನಿತ್ತು ಎಂದು ಕೇಳಿದಾಗ ಆಯಿಶಾ(ರ) ನಕ್ಕರು. ಪ್ರವಾದಿ(ಸ)ರ ಕುಟುಂಬವು, ಅವರು ಅಲ್ಲಾಹನನ್ನು ಸೇರುವವರೆಗೂ, ಸತತ 3 ದಿನ ವ್ಯಂಜನ ಸಹಿತ ಗೋಧಿ ರೊಟ್ಟಿಯನ್ನು ಹೊಟ್ಟೆ ತುಂಬ ಉಂಡದ್ದಿಲ್ಲ ಎಂದರು. ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಪ್ರಸಂಗವಿದು.

ಆ ನಗೆಯನ್ನು ನಾವು ಬಹಳ ಸಲ ನೆನೆಯುತ್ತೇವೆ. ಪ್ರಶ್ನೆ ಕೇಳಿದವರ ಕಾಲಕ್ಕೆ ಮುಸ್ಲಿಮರಲ್ಲಿ ಸಂಪತ್ತು ಬಂದಿತ್ತು. ಕುರಿಯ ಕಾಲನ್ನು ಹದಿನೈದು ದಿನ ಕಾಪಾಡಿಕೊಳ್ಳುವ ಮನೆಯೊಂದಿತ್ತು ಎಂಬುದೇ ಅವರಿಗೆ ಅಚ್ಚರಿಯಾಗಿತ್ತು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿಯೂ ಇಂದು ಅದೇ ಸ್ಥಿತಿ. ಪಾಯಾ, ತಲೆಮಾಂಸ, ಬೋಟಿ, ತಿಲ್ಲಿ, ಫೇಫ್ಸಾ ಇವೆಲ್ಲ ಅಜ್ಜಿಯರ ಕಾಲದ ಮಾತಾಗಿವೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ.

ನಮ್ಮ ಅಡುಗೆಯ ಇತಿಹಾಸ ಎಂದೊಡನೆ ಎಲ್ಲರ ಮನಸ್ಸೂ ಬಿರಿಯಾನಿ ಮತ್ತು ನವಾಬರ ಕಡೆಗೆ ಓಡುತ್ತದೆ. ಈ ಭಾಗದಲ್ಲಿ ಅರಸೊತ್ತಿಗೆಯ ಕುರುಹುಗಳು ಇಲ್ಲದಿಲ್ಲ. ಹುಕ್ಕೇರಿಯ ಗುಮ್ಮಟಗಳು ವಿಜಾಪುರದ ಆದಿಲ್‌ಶಾಹಿ ಕಾಲದವು. ಗೋಕಾಕದ ಹಳೆಯ ಮಸೀದಿಯನ್ನೂ ಗಂಜೀಖಾನವನ್ನೂ 18ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಅಧಿಕಾರ ನಡೆಸಿದ ಸವಣೂರಿನ ನವಾಬರು ಕಟ್ಟಿಸಿದರು. (ಗಂಜೀಖಾನ ಎಂಬ ಹೆಸರಿನ ಮೂಲ ಏನೇ ಇರಲಿ, ಕನ್ನಡದ ಕಿವಿಗೆ ಅದು ಗಂಜಿಯನ್ನೇ ನೆನಪಿಸುತ್ತದೆ.) ಆದರೆ ನಮ್ಮ ಹಿರಿಯರು ಯಾರಾಗಿದ್ದರು ಎಂಬುದನ್ನು ನಮ್ಮ ಅಡ್ಡಹೆಸರುಗಳೇ ಹೇಳುತ್ತವೆ. ಹತ್ತಿ ಹಿಂಜುವ ನದಾಫರು, ಹಣ್ಣು ತರಕಾರಿ ಮಾರುವ ಬಾಗವಾನರು, ಸುಗಂಧದ್ರವ್ಯ ಮಾರುವ ಅತ್ತಾರರು, ಮಾಂಸ ಮತ್ತು ಜಾನುವಾರು ವ್ಯಾಪಾರದ ಬೇಪಾರಿಗಳು. ಇವರ ಒಲೆಯ ಮೇಲೆ ಬಿರಿಯಾನಿ ಏರುತ್ತಿದ್ದುದು ಮದುವೆಗೆ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಯಾವಾಗಲಾದರೊಮ್ಮೆ, ಕಡಿಮೆ ಬೆಲೆಗೆ ಸಿಕ್ಕಾಗ, ಕುರಿಯ ತಲೆ ಅಥವಾ ಕಾಲು.

ಈ ಅಡುಗೆ ಎಲ್ಲಿಯೂ ಬರೆಹಕ್ಕೆ ಇಳಿಯಲಿಲ್ಲ. ಕನ್ನಡದಲ್ಲಿ ಪಾಕಶಾಸ್ತ್ರದ ಗ್ರಂಥಗಳಿಗೆ ಕೊರತೆಯಿಲ್ಲ. 16ನೇ ಶತಮಾನದ ಮಂಗರಸನ ‘ಸೂಪಶಾಸ್ತ್ರ’ ಪ್ರಸಿದ್ಧವಾದುದು. ಜೈನ ಕವಿಯ ಕೃತಿಯಾದ್ದರಿಂದ ಅದು ಸಸ್ಯಾಹಾರಕ್ಕೆ ಸೀಮಿತ. ಮಾಂಸದಡುಗೆಯ ವಿವರಕ್ಕೆ ಇನ್ನೂ ಹಿಂದೆ, ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ಕ್ಕೆ ಹೋಗಬೇಕು. 1129ರ ಸುಮಾರಿನ ಈ ಗ್ರಂಥದಲ್ಲಿ ಕುರಿಯ ಕರುಳನ್ನು ತುಂಬಿ ಕೆಂಡದ ಮೇಲೆ ಸುಡುವ ಬಗೆ ಇದೆ, ಒಳಭಾಗಗಳ ಪಾಕಗಳಿವೆ, ರಕ್ತ ಸೇರಿಸಿ ಮಾಡುವ ಪಾಕವೂ ಇದೆ. ಗೋಕಾಕವನ್ನು ಒಳಗೊಂಡ ಕೂಂಡಿನಾಡು ಆಗ ಅದೇ ಚಾಲುಕ್ಯರ ಸಾಮಂತರಾದ ರಟ್ಟರ ಕೈಯಲ್ಲಿತ್ತು. ಅಂದರೆ ಕುರಿಯ ಕರುಳು, ಯಕೃತ್ತುಗಳನ್ನು ತಿನ್ನುವುದು ಈ ನೆಲಕ್ಕೆ ಮುಸ್ಲಿಮರು ತಂದ ರೂಢಿಯಲ್ಲ. ಅರಮನೆಯೂ ಅದನ್ನು ಸವಿದಿತ್ತು. ನಮ್ಮ ಅಡುಗೆಮನೆ ಬದಲಿಸಿದ್ದು ಒಂದನ್ನು: ಹರಿದ ರಕ್ತವನ್ನು ಕುರ್‌ಆನ್ ನಿಷಿದ್ಧಗೊಳಿಸಿರುವುದರಿಂದ ಅದು ಪಾತ್ರೆಯಿಂದ ಹೊರಗುಳಿಯಿತು. ಯಕೃತ್ತು ಮತ್ತು ಗುಲ್ಮ (ನಾವು ಕಲೇಜಿ, ತಿಲ್ಲಿ ಎನ್ನುವುದು) ರಕ್ತದಂತೆಯೇ ಕಂಡರೂ ಹಲಾಲ್ ಎಂದು ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ)ರ ವರದಿ ಸ್ಪಷ್ಟಪಡಿಸುತ್ತದೆ.

ಆದರೆ ಅರಮನೆಯವರು ಇದನ್ನು ರುಚಿಗಾಗಿ ತಿಂದರು, ನಮ್ಮವರು ಇರುವುದರಲ್ಲೇ ಸರಿದೂಗಿಸಲು ತಿಂದರು. ಘಟಪ್ರಭೆ ಹುಕ್ಕೇರಿಯ ಕಡೆಯಿಂದ ಗೋಕಾಕಕ್ಕೆ ಹರಿದು ಜಲಪಾತವಾಗಿ ಧುಮುಕುತ್ತದೆ. ಆದರೂ ನದಿಯಿಂದ ದೂರದ ಎರೆ ಹೊಲಗಳು ಮಳೆಯನ್ನೇ ನಂಬಿದ್ದವು. 1876ರಿಂದ 1878ರವರೆಗಿನ ಮಹಾಕ್ಷಾಮ ಬೆಳಗಾವಿ, ಧಾರವಾಡ, ಅಂದಿನ ಕಲಾದಗಿ ಜಿಲ್ಲೆಗಳನ್ನು ಸುಟ್ಟುಬಿಟ್ಟಿತು. ಬರದಲ್ಲಿ ಮನುಷ್ಯರಿಗಿಂತ ಮೊದಲು ಸಾಯುವುದು ದನಕರುಗಳು. ಅವು ಹೋದ ಮೇಲೆ ಮಳೆ ಬಂದರೂ ಉಳುವ ಎತ್ತಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಧೂಪದಾಳದ ಒಡ್ಡು ಮತ್ತು ಗೋಕಾಕ ಕಾಲುವೆ ಬಂದವು. 1885ರಲ್ಲಿ ಸ್ಥಾಪನೆಯಾದ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ಪಗಾರ ಎಂಬ ಹೊಸದೊಂದನ್ನು ಕಲಿಸಿತು. 1970ರ ದಶಕದಲ್ಲಿ ಹಿಡಕಲ್ ಅಣೆಕಟ್ಟೆಯ ನೀರು ಹರಿದು ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಕುರಿ ಮೇಯುವ ಬಯಲು ಕಿರಿದಾಯಿತು, ಕರಿಯ ಡೆಕ್ಕನಿ ಕುರಿಗಳ ಹಿಂಡು ಅಪರೂಪವಾಯಿತು, ಮಾಂಸದ ಬೆಲೆ ಏರಿತು. ಹಣ ಕಂಡ ಮನೆಗಳು ಮೊದಲು ಬಿಟ್ಟದ್ದು ಕಾಲು ಮತ್ತು ಕರುಳನ್ನು.

ಆ ಅಡುಗೆಯಲ್ಲಿ ಎಷ್ಟು ವಿದ್ಯೆಯಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ದಾಖಲಿಸಬಯಸುತ್ತೇವೆ. ಕಾಲುಗಳನ್ನು ಮೊದಲು ಉರಿಯಲ್ಲಿ ಸುಟ್ಟು, ಗೊರಸು ಕಳಚಿ, ಕೂದಲಿನ ಕರಿಯನ್ನು ಚೂರಿಯಿಂದ ಹೆರೆದು, ಅರಿಸಿನ ಹಚ್ಚಿ ತೊಳೆಯಬೇಕು. ನಂತರ ಇಶಾ ನಮಾಝಿನ ಹೊತ್ತಿಗೆ ನೀರು, ಉಪ್ಪು, ಈರುಳ್ಳಿಯೊಂದಿಗೆ ಒಲೆಗೇರಿಸಿ, ಉರಿ ತಗ್ಗಿಸಿ, ಕೆಂಡದ ಮೇಲೆ ರಾತ್ರಿಯಿಡೀ ಬಿಡಬೇಕು. ಫಜ್ರ್ ಹೊತ್ತಿಗೆ ಮೂಳೆಯ ಅಂಟು ಸಾರಿಗಿಳಿದು, ಬೆರಳಿಗೆ ಹತ್ತಿದರೆ ಬಿಡದಂತಾಗುತ್ತದೆ. ಮನೆಯಲ್ಲೇ ಕುಟ್ಟಿದ ಮಸಾಲೆ ಖಾರ, ಬೆಳ್ಳುಳ್ಳಿ ಸೇರಿ ಕುದಿ ಬಂದರೆ ಪಾಯಾ ಸಿದ್ಧ. ಮುರಿದ ಜೋಳದ ರೊಟ್ಟಿಯನ್ನು ಅದರಲ್ಲಿ ನೆನೆಸಿ ತಿನ್ನುವಾಗ ನಾಲ್ಕು ಕಾಲುಗಳು ಹತ್ತು ಜನರಿಗೆ ಸಾಕಾಗುತ್ತಿದ್ದವು. ರೊಟ್ಟಿಯನ್ನು ಮಾಂಸದ ಸಾರಿನಲ್ಲಿ ನೆನೆಸುವ ‘ಸರೀದ್’ ಪ್ರವಾದಿ(ಸ)ರಿಗೆ ಪ್ರಿಯವಾಗಿದ್ದ ಊಟ; ಗೋಧಿಯ ಬದಲು ಜೋಳ ಎಂಬುದಷ್ಟೇ ನಮ್ಮ ವ್ಯತ್ಯಾಸ.

ಬೋಟಿಯ ಕೆಲಸ ಇನ್ನೂ ಕಠಿಣ. ಜಠರವನ್ನು ಸೀಳಿ, ಒಳಗಿನದನ್ನು ತಿಪ್ಪೆಗೆ ಹಾಕಿ, ಸುಣ್ಣ ಬೆರೆಸಿದ ಬಿಸಿನೀರಿನಲ್ಲಿ ಅದ್ದಿ, ಕಪ್ಪು ಪದರವನ್ನು ಉಜ್ಜಿ ಬಿಳಿ ಮಾಡಬೇಕು. ಕರುಳನ್ನು ಒಳಹೊರಗೆ ತಿರುವಿ ಮತ್ತೆ ಮತ್ತೆ ತೊಳೆಯಬೇಕು. ಕಡಲೆಬೇಳೆಯೊಂದಿಗೆ ಬೇಯಿಸಿ, ಹುಣಸೆಹುಳಿ ಬಿಟ್ಟರೆ ಅದರ ವಾಸನೆ ಮುರಿಯುತ್ತದೆ. ಮಾಂಸ ಹೆಚ್ಚಾಗಿದ್ದರೆ ಉಪ್ಪು ಅರಿಸಿನ ಸವರಿ, ಉದ್ದುದ್ದ ಸೀಳಿ, ಹಗ್ಗದ ಮೇಲೆ ಒಣಗಿಸುತ್ತಿದ್ದರು. ಬಕ್ರೀದ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆಯಾದ್ದರಿಂದ ಕೆಲವು ವರ್ಷ ಅದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬರುತ್ತಿತ್ತು. ಆಗ ಬಿಸಿಲಿನ ಬದಲು ಒಲೆಯ ಹೊಗೆಯೇ ಗತಿ.

ಇದನ್ನು ಬರೆಯುವಾಗ ಒಂದು ಮಾತನ್ನು ಮರೆಮಾಚಲಾಗದು. ಈ ಉಜ್ಜುವ, ಹೆರೆಯುವ, ತೊಳೆಯುವ ಕೆಲಸವೆಲ್ಲ ಹೆಣ್ಣುಮಕ್ಕಳದಾಗಿತ್ತು. ಇಂದಿನ ಸೊಸೆ ಬೋಟಿ ತೊಳೆಯಲು ಒಲ್ಲೆನೆಂದರೆ ಅದನ್ನು ಅಹಂಕಾರವೆಂದು ಹಳಿಯುವ ಹಿರಿಯರು, ತಾವೆಂದಾದರೂ ಆ ಪಾತ್ರೆಯ ಮುಂದೆ ಕುಳಿತಿದ್ದರೇ ಎಂದು ಕೇಳಿಕೊಳ್ಳಬೇಕು. ಪ್ರವಾದಿ(ಸ)ರು ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು ಎಂದು ಆಯಿಶಾ(ರ)ರೇ ತಿಳಿಸಿದ್ದಾರೆ.

ಫಿಕ್ಹ್‌ನ ದೃಷ್ಟಿಯಿಂದಲೂ ಒಂದೆರಡು ಮಾತು. ಹರಿದ ರಕ್ತ ಹರಾಮ್ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪಿತ್ತಕೋಶ, ಮೂತ್ರಕೋಶ, ಗಂಟುಗ್ರಂಥಿ, ಜನನಾಂಗ ಮುಂತಾದವನ್ನು ಹನಫೀ ಫಿಕ್ಹ್ ತ್ಯಾಜ್ಯವೆಂದು ಪರಿಗಣಿಸುತ್ತದೆ. ಜಠರ ಮತ್ತು ಕರುಳಿನ ವಿಷಯದಲ್ಲಿ ನಮ್ಮ ಉಪಖಂಡದ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ: ಬರೇಲಿಯ ಮೌಲಾನಾ ಅಹ್ಮದ್ ರಝಾ ಖಾನರು ಅದನ್ನೂ ಮಕ್ರೂಹ್ ಎಂದರು, ದೇವ್‌ಬಂದಿನ ಉಲಮಾಗಳು ಚೆನ್ನಾಗಿ ಶುಚಿಗೊಳಿಸಿ ತಿನ್ನಬಹುದೆಂದರು. ತಿನ್ನುವವರು ತಿನ್ನದವರನ್ನಾಗಲಿ, ತಿನ್ನದವರು ತಿನ್ನುವವರನ್ನಾಗಲಿ ಹೀಗಳೆಯಲು ಇದರಲ್ಲಿ ಆಧಾರವಿಲ್ಲ. ಕಾಲು, ತಲೆ, ಕಲೇಜಿಯ ಬಗ್ಗೆ ಇಂಥ ವಿವಾದವೂ ಇಲ್ಲ.

ಈಗ ನಮ್ಮನ್ನು ಈ ಲೇಖನಕ್ಕೆ ಕೂರಿಸಿದ ಸಂಗತಿಗೆ ಬರುತ್ತೇವೆ. ಅಜ್ಜಿಯರು ಬಕ್ರೀದಿನ ಮಾಂಸ ಹಂಚುತ್ತಿದ್ದ ರೀತಿ ಒಂದಿತ್ತು. ತೊಡೆ, ಪಕ್ಕೆಲುಬು, ಭುಜದ ಮಾಂಸ ಮೂರು ಪಾಲಾಗಿ ಬಂಧುಗಳಿಗೆ, ಬಡವರಿಗೆ, ಮನೆಗೆ ಹೋಗುತ್ತಿತ್ತು. ತಲೆ, ಕಾಲು, ಬೋಟಿ ಮಾತ್ರ ಮನೆಯಲ್ಲೇ ಉಳಿಯುತ್ತಿದ್ದವು, ಏಕೆಂದರೆ ಶ್ರಮ ಬೇಡುವ ವಸ್ತುವನ್ನು ಹಬ್ಬದ ದಿನ ಇನ್ನೊಬ್ಬರ ಮಡಿಲಿಗೆ ಹಾಕುವುದು ಸಲ್ಲದು ಎಂಬ ಭಾವನೆ ಅವರಿಗಿತ್ತು. ಫ್ರಿಜ್ ಬಂದ ಮೇಲೆ ಇದು ತಲೆಕೆಳಗಾಯಿತು. ತೊಡೆ ಮತ್ತು ಪಕ್ಕೆಲುಬು ಚೀಲಗಳಲ್ಲಿ ಕಟ್ಟಿ ಫ್ರೀಜರ್ ಸೇರುತ್ತವೆ. ಕತ್ತಿನ ಮೂಳೆ, ಫೇಫ್ಸಾ, ಚರಬಿ, ತೊಳೆಯದ ಬೋಟಿ ಬಾಗಿಲಿಗೆ ಬಂದ ಬಡ ತಾಯಂದಿರ ಚೀಲಕ್ಕೆ ಬೀಳುತ್ತವೆ. ಅವರೂ ಬೇಡವೆಂದರೆ ಊರ ಹೊರಗಿನ ಹಳ್ಳಕ್ಕೆ. ತಾವು ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸದಂಥದನ್ನು ದಾನಕ್ಕಾಗಿ ಆರಿಸಬೇಡಿ ಎಂದು ಸೂರಾ ಅಲ್ ಬಕರಾ ಎಚ್ಚರಿಸಿರುವುದು ಇಂಥದನ್ನೇ ಅಲ್ಲವೇ?

ಕೆಲವರು ವಾದಿಸುತ್ತಾರೆ: ಕುರಿಯ ಗೊರಸನ್ನಾದರೂ ಸರಿ, ನೆರೆಮನೆಯವಳಿಗೆ ಕೊಡುವುದನ್ನು ಕ್ಷುಲ್ಲಕವೆಂದು ತಿಳಿಯಬೇಡಿ ಎಂದು ಪ್ರವಾದಿ(ಸ)ರು ಸ್ತ್ರೀಯರಿಗೆ ಉಪದೇಶಿಸಿಲ್ಲವೇ? ಉಪದೇಶಿಸಿದ್ದಾರೆ. ಆದರೆ ಅದು ಗೊರಸಲ್ಲದೆ ಬೇರೇನೂ ಇಲ್ಲದ ಮನೆಗೆ ಧೈರ್ಯ ತುಂಬುವ ಮಾತು, ತೊಡೆಯನ್ನು ಒಳಗಿಟ್ಟುಕೊಂಡವರಿಗೆ ಅನುಮತಿಪತ್ರವಲ್ಲ. ಸ್ವತಃ ಪ್ರವಾದಿ(ಸ)ರು ಕುರಿಯ ಕಾಲಿನ ಊಟಕ್ಕೆ ಕರೆದರೂ ಹೋಗುತ್ತೇನೆ ಎಂದವರು. ಅವರ ಮನೆಯಲ್ಲಿ ಕುರಿಯೊಂದನ್ನು ಕೊಯ್ದಾಗ ಏನು ಉಳಿದಿದೆ ಎಂದು ಕೇಳಿದರು. ಭುಜವೊಂದನ್ನು ಬಿಟ್ಟು ಎಲ್ಲವೂ ಹಂಚಿಹೋಗಿದೆ ಎಂಬ ಉತ್ತರ ಬಂತು. ಹಾಗಾದರೆ ಭುಜವನ್ನು ಬಿಟ್ಟು ಎಲ್ಲವೂ ಉಳಿದಿದೆ ಎಂದು ಅವರು ತಿದ್ದಿದರು. ತಿರ್ಮಿಝಿಯಲ್ಲಿರುವ ಈ ವರದಿಯನ್ನು ನಾವು ಹಬ್ಬದ ಖುತ್ಬಾದಲ್ಲಿ ಕೇಳುತ್ತೇವೆ, ಮನೆಗೆ ಬಂದು ಫ್ರೀಜರ್‌ನಲ್ಲಿ ಜಾಗ ಮಾಡುತ್ತೇವೆ.

ಬಡವರ ತಟ್ಟೆ ಈಚೆಗೆ ಇನ್ನಷ್ಟು ಬರಿದಾಗಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ವಧೆ ನಿಷೇಧ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಬೇರೆ ಜಾನುವಾರುಗಳ ವಧೆಗೆ ಅವಕಾಶವಿಲ್ಲ. ಕಾನೂನನ್ನು ಪಾಲಿಸುವುದು ನಮ್ಮ ಕರ್ತವ್ಯ. ಆದರೆ ಅಗ್ಗದ ‘ದೊಡ್ಡ ಮಾಂಸ’ ಇಲ್ಲವಾದ ಮನೆಗೆ ಕುರಿಮಾಂಸ ಕೈಗೆಟಕುವುದಿಲ್ಲ. ಕುರಿಯ ಕಾಲಿಗೂ ಈಗ ಹೋಟೆಲಿನವರು ಗಿರಾಕಿಗಳು. ಎಷ್ಟೋ ಮನೆಗಳಲ್ಲಿ ಕುರಿಯ ಒಳ್ಳೆಯ ಮಾಂಸ ಬೇಯುವುದು ವರ್ಷಕ್ಕೊಮ್ಮೆ, ನಮ್ಮ ಬಕ್ರೀದಿನ ಪಾಲಿನಿಂದ.

ಕಟುಕರ ಕೂಲಿಯ ವಿಷಯದಲ್ಲೂ ಒಂದು ತಪ್ಪು ಬೇರೂರಿದೆ. ತಲೆ, ಕಾಲು, ಚರ್ಮವನ್ನು ಕೂಲಿಯ ಲೆಕ್ಕಕ್ಕೆ ಹಿಡಿದು ಹಣ ಕಡಿಮೆ ಕೊಡುವವರಿದ್ದಾರೆ. ಹಝ್ರತ್ ಅಲೀ(ರ)ರಿಗೆ ಪ್ರವಾದಿ(ಸ)ರು ಬಲಿಪ್ರಾಣಿಗಳ ಮಾಂಸ, ಚರ್ಮ, ಹೊದಿಕೆ ಎಲ್ಲವನ್ನೂ ದಾನ ಮಾಡಲು ಹೇಳಿ, ಅದರಿಂದ ಕಟುಕನಿಗೆ ಕೂಲಿ ಕೊಡಬಾರದೆಂದು ತಾಕೀತು ಮಾಡಿದ್ದರು. ಕೂಲಿಯನ್ನು ಪೂರ್ತಿ ಹಣದಲ್ಲಿ ಕೊಟ್ಟು, ಆಮೇಲೆ ಬಯಸಿದರೆ ಮಾಂಸವನ್ನು ಉಡುಗೊರೆಯಾಗಿ ಕೊಡಬಹುದು. ಅದೂ ಕಾಲು ಮಾತ್ರವೇ ಆಗಬೇಕೆಂದಿಲ್ಲ.

ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರ ಜೊತೆ 130 ಮಂದಿ ಇದ್ದರು. ಸಿಕ್ಕಿದ್ದು ಒಂದೇ ಕುರಿ. ಅದರ ಕಲೇಜಿಯನ್ನು ಸುಡಿಸಿ, ಅಷ್ಟೂ ಮಂದಿಗೆ ಒಂದೊಂದು ತುಂಡು ಕತ್ತರಿಸಿ ಕೊಟ್ಟರು, ಅಲ್ಲಿರದವರ ಪಾಲನ್ನು ತೆಗೆದಿರಿಸಿದರು ಎಂದು ಅಬ್ದುರ್ರಹ್ಮಾನ್ ಬಿನ್ ಅಬೂಬಕರ್(ರ) ವರದಿ ಮಾಡಿದ್ದಾರೆ. ನಮ್ಮ ಕಡೆ ಈದ್ ನಮಾಝಿನಿಂದ ಮರಳಿದ ಮೇಲೆ ಮೊದಲು ಬಾಣಲೆಗೆ ಬೀಳುವುದು ಕಲೇಜಿಯೇ. ಉಪ್ಪು, ಮೆಣಸು, ಎರಡು ಹನಿ ಎಣ್ಣೆ. ಹತ್ತು ನಿಮಿಷದ ಕೆಲಸ. ಕೊಯ್ದ ಮನೆಯವರು, ಚೂರಿ ಹಿಡಿದವರು, ಚರ್ಮ ಒಯ್ಯಲು ಬಂದವರು, ಹೊಸ ಬಟ್ಟೆ ತೊಟ್ಟು ಓಡಾಡುವ ಓಣಿಯ ಮಕ್ಕಳು ಎಲ್ಲರೂ ಅದೇ ಬಾಣಲೆಯಿಂದ ರೊಟ್ಟಿಯ ಚೂರಿನಲ್ಲಿ ತೆಗೆದುಕೊಳ್ಳುತ್ತಾರೆ. ಪಾಲು ಹಾಕುವ ತಕ್ಕಡಿಯನ್ನು ಇಳಿಸುವುದು ಅದಾದ ಮೇಲೆ.