ಕ್ರಿಸ್ತನೇ ರಾಜನೆಂದು ಬಂದೂಕು ಹಿಡಿದ ಹಳ್ಳಿಗರು

ಕ್ಯಾಥೊಲಿಕ್ ಚರ್ಚಿನ ಒಳಗೆ ಹೋದವರು ಶಿಲುಬೆಯನ್ನು ಒಮ್ಮೆ ಸರಿಯಾಗಿ ನೋಡಿ. ಯೇಸುವಿನ ತಲೆಯ ಮೇಲ್ಗಡೆ ಸಣ್ಣದೊಂದು ಪಟ್ಟಿ ಇರುತ್ತದೆ. ಅದರ ಮೇಲೆ ಐ, ಎನ್, ಆರ್, ಐ ಎಂಬ ನಾಲ್ಕು ಅಕ್ಷರ. ನಜರೇತಿನ ಯೇಸು, ಯೆಹೂದ್ಯರ ಅರಸ ಎಂದು ಲ್ಯಾಟಿನ್ ಭಾಷೆಯಲ್ಲಿ ಹೇಳುವ ಪದಗಳ ಮೊದಲಕ್ಷರಗಳವು. ಇದು ಹೊಗಳಿಕೆಯ ಮಾತಲ್ಲ, ಆಪಾದನೆ. ರೋಮಿನ ಚಕ್ರವರ್ತಿ ಇರುವಾಗ ಇನ್ನೊಬ್ಬ ರಾಜನೆನಿಸಿಕೊಳ್ಳುವುದು ರಾಜದ್ರೋಹ. ಆ ಅಪರಾಧದ ಹೆಸರಲ್ಲೇ ಯೇಸುವನ್ನು ಶಿಲುಬೆಗೇರಿಸಿದರು.

ಅಧಿಕಾರಿ ಪಿಲಾತ ಹಾಕಿಸಿದ ಆ ಪಟ್ಟಿಯನ್ನು ಭಕ್ತರು ಮಾತ್ರ ನಿಜವೆಂದೇ ನಂಬಿದರು. ಕ್ರಿಸ್ತ ರಾಜ, ನಾವು ಅವನ ಪ್ರಜೆಗಳು ಎಂದರು. ಪ್ರಾರ್ಥನೆಯಲ್ಲಿ ಹಾಗೆ ಹೇಳುವುದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಊರನ್ನು ಆಳುವ ಸರ್ಕಾರ ಒಂದು ಹೇಳಿ, ಈ ರಾಜನ ನಿಷ್ಠೆ ಇನ್ನೊಂದು ಹೇಳಿದರೆ? ನೂರು ವರ್ಷಗಳ ಹಿಂದೆ ಮೆಕ್ಸಿಕೊ ದೇಶದ ರೈತರು ಈ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಮಠ, ಮಸೀದಿ, ಚರ್ಚು ಯಾವುದಕ್ಕೆ ಹೋಗುವವರಾದರೂ ಹಳ್ಳಿಯವರು ಅವರ ಕಥೆಯನ್ನು ತಿಳಿದಿರಬೇಕು ಎಂದು ನಮಗೆ ಅನ್ನಿಸಿದೆ.

ಮೊದಲು ಸರ್ಕಾರದ ಕಡೆಯ ಮಾತು ಕೇಳೋಣ. ಮೆಕ್ಸಿಕೊದಲ್ಲಿ ಚರ್ಚು ಬಡಪಾಯಿ ಸಂಸ್ಥೆಯೇನೂ ಆಗಿರಲಿಲ್ಲ. ಸ್ಪೇನಿನವರ ಆಳ್ವಿಕೆಯ ಕಾಲದಿಂದ ಅದರ ಕೈಯಲ್ಲಿ ದೊಡ್ಡ ದೊಡ್ಡ ಜಮೀನುಗಳಿದ್ದವು, ಶಾಲೆಗಳಿದ್ದವು, ರಾಜಕೀಯದಲ್ಲಿ ಬಿಗಿಹಿಡಿತವಿತ್ತು. 1850ರ ದಶಕದಲ್ಲೇ ಸುಧಾರಣೆಯ ಕಾನೂನುಗಳು ಬಂದು ಆಸ್ತಿಯನ್ನು ಕಿತ್ತುಕೊಳ್ಳತೊಡಗಿದಾಗ ಚರ್ಚು ಸಂಪ್ರದಾಯವಾದಿಗಳ ಪರ ನಿಂತಿತು. 1910ರಲ್ಲಿ ಕ್ರಾಂತಿ ಶುರುವಾಯಿತು. ಗೆದ್ದ ನಾಯಕರಿಗೆ ಚರ್ಚೆಂದರೆ ಜಮೀನ್ದಾರರ ಗೆಳೆಯ. 1917ರ ಸಂವಿಧಾನದಲ್ಲಿ ಅದರ ಕೈಕಾಲು ಕಟ್ಟಿದರು. ಚರ್ಚಿನ ಕಟ್ಟಡಗಳೆಲ್ಲ ದೇಶದ ಆಸ್ತಿಯಾದವು, ಪಾದ್ರಿಗಳಿಗೆ ಮತದಾನದ ಹಕ್ಕು ಹೋಯಿತು, ಪ್ರಾಥಮಿಕ ಶಾಲೆಯಲ್ಲಿ ಧರ್ಮಬೋಧನೆ ನಿಂತಿತು.

ಕೆಲವು ವರ್ಷ ಇವೆಲ್ಲ ಬಹುಮಟ್ಟಿಗೆ ಕಾಗದದಲ್ಲೇ ಉಳಿದವು. 1924ರ ಕೊನೆಗೆ ಅಧ್ಯಕ್ಷನಾದ ಪ್ಲುತಾರ್ಕೊ ಎಲಿಯಾಸ್ ಕಾಯೆಸ್ ಅವನ್ನು ನೆಲಕ್ಕಿಳಿಸಿದ. 1926ರ ಜೂನ್‌ನಲ್ಲಿ ಅವನು ಸಹಿ ಹಾಕಿದ ಕಾನೂನಿನ ಪ್ರಕಾರ ಪಾದ್ರಿ ನಿಲುವಂಗಿ ತೊಟ್ಟು ಬೀದಿಗೆ ಬಂದರೆ 500 ಪೆಸೊ ದಂಡ. ಸರ್ಕಾರವನ್ನು ಟೀಕಿಸಿದರೆ ಜೈಲು. ಪ್ರತಿ ಪಾದ್ರಿಯೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ಒಂದು ರಾಜ್ಯದಲ್ಲಿ ಎಷ್ಟು ಪಾದ್ರಿಗಳಿರಬೇಕೆಂದು ಆ ರಾಜ್ಯದ ಶಾಸನಸಭೆಯೇ ಗೊತ್ತುಮಾಡುತ್ತದೆ. ತಬಾಸ್ಕೊ ಎಂಬ ರಾಜ್ಯದಲ್ಲಿ ಪಾದ್ರಿಯಾಗಿರಬೇಕಾದರೆ ಮದುವೆಯಾಗಿರಬೇಕು ಎಂದೇ ಕಟ್ಟಳೆ ಮಾಡಿದ್ದರು! ಬ್ರಹ್ಮಚರ್ಯದ ವ್ರತ ತೊಟ್ಟವರಿಗೆ ಮದುವೆಯ ಕಾನೂನು. ಸುಧಾರಣೆ ಎಲ್ಲಿ ಮುಗಿದು ಹಗೆ ಎಲ್ಲಿ ಶುರುವಾಗುತ್ತದೆ ಎಂದು ಇಲ್ಲಿ ಕಾಣುತ್ತದೆ.

ಬಿಷಪ್ಪರು ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಕಾನೂನು ಜಾರಿಗೆ ಬರುವ ದಿನದಿಂದ, ಅಂದರೆ 1926ರ ಜುಲೈ 31ರಿಂದ, ಇಡೀ ದೇಶದಲ್ಲಿ ಸಾರ್ವಜನಿಕ ಬಲಿಪೂಜೆಯನ್ನೇ ನಿಲ್ಲಿಸಿದರು. ಒಂದು ರೀತಿಯ ಮುಷ್ಕರ. ಅದಕ್ಕೆ ಮುಂಚಿನ ದಿನಗಳಲ್ಲಿ ಚರ್ಚುಗಳ ಮುಂದೆ ಜನವೋ ಜನ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವವರು, ಅವಸರದಲ್ಲಿ ಮದುವೆಯಾಗುವವರು, ಪಾಪನಿವೇದನೆಗೆ ಸಾಲು ನಿಂತವರು. ಆಮೇಲೆ ಬಾಗಿಲು ತೆರೆದಿದ್ದರೂ ಪೀಠ ಖಾಲಿ. ಜನರೇ ಒಳಗೆ ಕೂತು ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದರು. ಹಳ್ಳಿಯ ಮಟ್ಟಿಗೆ ಯೋಚಿಸಿ ನೋಡಿ. ಸಾಯುವವನ ಬಾಯಿಗೆ ಪರಮಪ್ರಸಾದ ಹಾಕುವವರಿಲ್ಲ, ಹುಟ್ಟಿದ ಕೂಸಿಗೆ ಹೆಸರಿಡುವವರಿಲ್ಲ, ಬಿತ್ತನೆಗೆ ಮುಂಚೆ ಹರಸುವವರಿಲ್ಲ.

ಈ ಗಲಾಟೆಗೆ ಸ್ವಲ್ಪ ಮುಂಚೆ, 1925ರ ಡಿಸೆಂಬರ್ 11ರಂದು, ರೋಮಿನಲ್ಲಿ ಹನ್ನೊಂದನೇ ಪಯಸ್ ಪೋಪರು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿ ಪತ್ರ ಹೊರಡಿಸಿದ್ದರು. ಮೊದಲ ಮಹಾಯುದ್ಧ ಮುಗಿದು ದೇಶ ದೇಶಗಳಲ್ಲಿ ರಾಷ್ಟ್ರವೇ ದೇವರೆಂಬ ಮಾತು ಏರುತ್ತಿದ್ದ ಕಾಲ ಅದು. ಆಳುವವರೂ ಕ್ರಿಸ್ತನಿಗೆ ತಲೆಬಾಗಬೇಕು ಎಂಬುದು ಪತ್ರದ ತಿರುಳು. ಅಕ್ಟೋಬರ್‌ನ ಕೊನೆಯ ಭಾನುವಾರ ಹಬ್ಬವೆಂದು ಗೊತ್ತಾಯಿತು. (1969ರಲ್ಲಿ ಅದನ್ನು ನವೆಂಬರ್ ಕಡೆಗೆ ಸರಿಸಿದರು. ಕಾರ್ಕಳದಂಥ ನಮ್ಮ ಊರುಗಳಲ್ಲಿ ಕ್ರೈಸ್ಟ್ ಕಿಂಗ್ ಎಂಬ ಹೆಸರಿನ ಚರ್ಚು, ಶಾಲೆಗಳಿರುವುದು ಈ ಭಕ್ತಿಯಿಂದಲೇ.) ಪತ್ರ ಬರೆದದ್ದು ಮೆಕ್ಸಿಕೊ ಒಂದಕ್ಕೇ ಅಲ್ಲ. ಆದರೆ 1926ರ ಅಕ್ಟೋಬರ್‌ನಲ್ಲಿ ಹಬ್ಬ ಬಂದಾಗ ಅಲ್ಲಿನ ಪೀಠಗಳ ಮುಂದೆ ಪಾದ್ರಿಗಳೇ ಇರಲಿಲ್ಲ.

ಜನ ಮೊದಲು ಶಾಂತಿಯಿಂದಲೇ ಹೋರಾಡಿದರು. ಸಿನಿಮಾಕ್ಕೆ ಹೋಗುವುದನ್ನು, ಪೇಟೆಯಲ್ಲಿ ಖರೀದಿಯನ್ನು ಬಿಟ್ಟು ಬಹಿಷ್ಕಾರ ಹಾಕಿದರು. ಸಹಿ ಸಂಗ್ರಹಿಸಿ ಸಂಸತ್ತಿಗೆ ಮನವಿ ಕೊಟ್ಟರು. ಸಂಸತ್ತು ಅದನ್ನು ತಳ್ಳಿಹಾಕಿತು. 1927ರ ಜನವರಿ ಹೊತ್ತಿಗೆ ಹಾಲಿಸ್ಕೊ, ಮಿಚೋಆಕಾನ್, ಗ್ವಾನಾಹ್ವಾತೊ ರಾಜ್ಯಗಳಲ್ಲಿ ಊರಿಗೆ ಊರೇ ಎದ್ದಿತ್ತು. ಅವರ ಕೂಗು ‘ವಿವಾ ಕ್ರಿಸ್ತೊ ರೇ’, ಅಂದರೆ ಕ್ರಿಸ್ತರಾಜನಿಗೆ ಜಯವಾಗಲಿ. ಆ ಕೂಗಿನಿಂದಲೇ ಅವರಿಗೆ ಕ್ರಿಸ್ತೆರೊಗಳು ಎಂಬ ಹೆಸರು ಬಿತ್ತು. ಹೆಚ್ಚಿನವರು ಸಣ್ಣ ಹಿಡುವಳಿದಾರರು, ಗೇಣಿದಾರರು, ದನ ಕಾಯುವವರು. ಬಿಷಪ್ಪರು ಹೇಳಿ ಕಳಿಸಿದ ದಂಡಲ್ಲ ಅದು. ಬಹಳಷ್ಟು ಪಾದ್ರಿಗಳು ಹಳ್ಳಿ ಬಿಟ್ಟು ಪಟ್ಟಣ ಸೇರಿದ್ದರು.

ಹೆಂಗಸರಿಲ್ಲದಿದ್ದರೆ ಈ ಯುದ್ಧ ಆರು ತಿಂಗಳೂ ನಡೆಯುತ್ತಿರಲಿಲ್ಲ ಎಂದು ನಮ್ಮ ಅಂದಾಜು. ಬಂದೂಕು ಹೇಗೋ ಸಿಗುತ್ತಿತ್ತು, ತೋಟಾ ಸಿಗುತ್ತಿರಲಿಲ್ಲ. 1927ರ ಜೂನ್‌ನಲ್ಲಿ ಗ್ವಾದಲಹಾರಾ ಪಕ್ಕದ ಸಪೋಪಾನ್‌ನಲ್ಲಿ ಸಂತ ಜೋನ್ ಆಫ್ ಆರ್ಕ್ ಹೆಸರಲ್ಲಿ ಮಹಿಳಾ ದಳ ಕಟ್ಟಿದರು. ಗುಟ್ಟು ಬಿಡುವುದಿಲ್ಲವೆಂದು ಪ್ರಮಾಣ ಮಾಡಿದ ಹುಡುಗಿಯರು ಕಾರ್ಖಾನೆಗಳಿಂದ ತೋಟಾ ಸಂಪಾದಿಸಿ, ಬಟ್ಟೆಯೊಳಗೆ ಅಡಗಿಸಿಕೊಂಡು, ರೈಲು ಹತ್ತಿ, ಬೆಟ್ಟದವರೆಗೆ ಮುಟ್ಟಿಸುತ್ತಿದ್ದರು.

ಸೇನೆಯೂ ಹಳ್ಳಿಯ ಬೇರಿಗೇ ಕೈ ಹಾಕಿತು. ಹಾಲಿಸ್ಕೊದ ಎತ್ತರದ ಸೀಮೆಯಲ್ಲಿ ಇಷ್ಟು ದಿನದೊಳಗೆ ಮನೆ ಬಿಟ್ಟು ಪಟ್ಟಣ ಸೇರಬೇಕು, ಉಳಿದವರನ್ನು ಬಂಡಾಯದವರೆಂದೇ ಎಣಿಸಲಾಗುವುದು ಎಂದು ಡಂಗುರ ಹೊಡೆಸಿತು. ಬೆಳೆ ಸುಟ್ಟಿತು, ದನಕರು ಹೊಡೆದುಕೊಂಡು ಹೋಯಿತು. ರೈಲು ಹಳಿಯ ಪಕ್ಕದ ತಂತಿ ಕಂಬಗಳಿಗೆ ಕ್ರಿಸ್ತೆರೊಗಳನ್ನು ನೇಣು ಹಾಕಿದ ಸಾಲು ಸಾಲು ಫೋಟೊಗಳು ಇವತ್ತಿಗೂ ಇವೆ.

ಕ್ರಿಸ್ತೆರೊಗಳ ಕೈಯೂ ಶುದ್ಧವಾಗಿರಲಿಲ್ಲ. 1927ರ ಏಪ್ರಿಲ್ 19ರಂದು ರೆಯೆಸ್ ವೇಗಾ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಒಂದು ರೈಲನ್ನು ತಡೆದು ಬೆಂಕಿ ಹಚ್ಚಿದರು. ಐವತ್ತರಷ್ಟು ಸಾಮಾನ್ಯ ಪ್ರಯಾಣಿಕರು ಸತ್ತರು. ಸರ್ಕಾರದಿಂದ ಜಮೀನು ಪಡೆದ ರೈತರ ಕೈಗೆ ಸರ್ಕಾರವೇ ಬಂದೂಕು ಕೊಟ್ಟು ಇವರ ಮೇಲೆ ಛೂ ಬಿಟ್ಟಿತ್ತು. ಆ ರೈತರು ಸಿಕ್ಕಿದರೆ ಕ್ರಿಸ್ತೆರೊಗಳು ಕರುಣೆ ತೋರಿಸುತ್ತಿರಲಿಲ್ಲ. ಒಬ್ಬನಿಗೆ ಭೂಮಿಯ ಆಸೆ, ಇನ್ನೊಬ್ಬನಿಗೆ ದೇವರ ಚಿಂತೆ, ಇಬ್ಬರೂ ಬಡವರೇ. ಈ ಕಥೆಯಲ್ಲಿ ನಮಗೆ ಅರಗದೇ ಉಳಿದ ಭಾಗ ಇದು.

ರಾಜಧಾನಿಯಲ್ಲಿ ಇನ್ನೊಂದು ಬಗೆಯ ನಿಷ್ಠೆ ನಡೆದಿತ್ತು. ಮಿಗೆಲ್ ಪ್ರೊ ಎಂಬ ಜೆಸ್ವಿತ್ ಪಾದ್ರಿ ವೇಷ ಮರೆಸಿಕೊಂಡು ಸೈಕಲ್ ಮೇಲೆ ಮನೆ ಮನೆಗೆ ಹೋಗಿ ಕದ್ದುಮುಚ್ಚಿ ಪರಮಪ್ರಸಾದ ಕೊಡುತ್ತಿದ್ದರು. ಮಾಜಿ ಅಧ್ಯಕ್ಷ ಓಬ್ರೆಗೊನ್ ಮೇಲೆ ಬಾಂಬ್ ಎಸೆದ ಪ್ರಕರಣದಲ್ಲಿ ಅವರನ್ನು ಹಿಡಿದು, ವಿಚಾರಣೆಯೇ ಇಲ್ಲದೆ 1927ರ ನವೆಂಬರ್ 23ರಂದು ಗುಂಡಿಕ್ಕಿದರು. ಪ್ರೊ ಎರಡೂ ಕೈಗಳನ್ನು ಶಿಲುಬೆಯಂತೆ ಚಾಚಿ, ಕ್ರಿಸ್ತರಾಜನಿಗೆ ಜಯಕಾರ ಹಾಕಿ ಸತ್ತರು. ಕಾಯೆಸ್ ಅಲ್ಲಿಗೆ ಪತ್ರಕರ್ತರನ್ನೂ ಫೋಟೊಗ್ರಾಫರ್‌ಗಳನ್ನೂ ಕರೆಸಿದ್ದ. ಚಿತ್ರ ನೋಡಿ ಜನ ಹೆದರಲಿ ಎಂಬ ಲೆಕ್ಕಾಚಾರ. ಜನ ಆ ಚಿತ್ರವನ್ನೇ ಕತ್ತರಿಸಿ ಪ್ರಾರ್ಥನಾ ಪುಸ್ತಕದಲ್ಲಿಟ್ಟುಕೊಂಡರು. ಸುದ್ದಿಯ ಕೆಲಸ ಮಾಡುವ ನಮಗೆ ಇದು ಮತ್ತೆ ಮತ್ತೆ ನೆನಪಾಗುತ್ತದೆ. ಫೋಟೊ ತೆಗೆಸಿದವನು ಬಯಸಿದ ಅರ್ಥವನ್ನೇ ನೋಡುವವನೂ ಮಾಡಿಕೊಳ್ಳಬೇಕೆಂದಿಲ್ಲವಲ್ಲ.

1929ರ ಹೊತ್ತಿಗೆ ಬೆಟ್ಟಗಳಲ್ಲಿ ಸುಮಾರು 50,000 ಮಂದಿ ಇದ್ದರು. ಅವರ ಸೇನಾಪತಿ ಎನ್ರಿಕೆ ಗೊರೊಸ್ತಿಯೆತಾ, ಸಂಬಳಕ್ಕೆಂದು ಬಂದ ಹಳೆಯ ಸೇನಾಧಿಕಾರಿ. ಸರ್ಕಾರಕ್ಕೆ ಇವರನ್ನು ಸೋಲಿಸಲಾಗಲಿಲ್ಲ, ಇವರಿಗೆ ಪಟ್ಟಣಗಳನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ಅಮೆರಿಕದ ರಾಯಭಾರಿ ಡ್ವೈಟ್ ಮಾರೋ ನಡುವೆ ನಿಂತು ಸರ್ಕಾರ ಮತ್ತು ಬಿಷಪ್ಪರ ನಡುವೆ ಮಾತುಕತೆ ಕುದುರಿಸುತ್ತಿದ್ದ. ಗೊರೊಸ್ತಿಯೆತಾ ಬಿಷಪ್ಪರಿಗೆ ಕಾಗದ ಬರೆದು, ಹೋರಾಡುತ್ತಿರುವವರನ್ನು ಕೇಳದೆ ಅವರ ಪರವಾಗಿ ಒಪ್ಪಂದ ಮಾಡಲು ನಿಮಗೆ ಹಕ್ಕಿಲ್ಲ ಎಂದ. ಜೂನ್ 2ರಂದು ಸೇನೆ ಅವನನ್ನು ಕೊಂದಿತು. ಜೂನ್ 21ರಂದು ಅಧ್ಯಕ್ಷ ಪೋರ್ತೆಸ್ ಹಿಲ್ ಜೊತೆ ಇಬ್ಬರು ಬಿಷಪ್ಪರು ಒಪ್ಪಂದ ಮಾಡಿಕೊಂಡರು. ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ. ಅದನ್ನು ಬಿಗಿಯಾಗಿ ಜಾರಿ ಮಾಡುವುದಿಲ್ಲ ಎಂಬ ಭರವಸೆ ಮಾತ್ರ ಸಿಕ್ಕಿತು. ಬೆಟ್ಟದಲ್ಲಿದ್ದವರ ಪರವಾಗಿ ಕೂತು ಮಾತಾಡಿದವರು ಯಾರೂ ಇರಲಿಲ್ಲ.

ಮೂರು ವರ್ಷಗಳ ನಂತರ ಚರ್ಚುಗಳ ಗಂಟೆ ಬಾರಿಸಿತು. ಕ್ರಿಸ್ತೆರೊಗಳು ಏನು ಮಾಡಬೇಕಿತ್ತು? ಕ್ರಿಸ್ತನಿಗಾಗಿ ಎದ್ದವರು, ಈಗ ಕ್ರಿಸ್ತನ ಹೆಸರಲ್ಲೇ ಬಿಷಪ್ಪರು ಇಳಿಯಿರಿ ಎನ್ನುತ್ತಿದ್ದಾರೆ. ಬಂದೂಕು ಹಿಡಿಸಿದ ನಿಷ್ಠೆಯೇ ಬಂದೂಕನ್ನು ಕೆಳಗಿಡಿಸಿತು. ಹಲವರು ಆಯುಧ ಒಪ್ಪಿಸಿ, ಕ್ಷಮಾದಾನದ ಚೀಟಿ ಪಡೆದು ಹೊಲಕ್ಕೆ ಮರಳಿದರು. ಆಮೇಲಿನ ವರ್ಷಗಳಲ್ಲಿ ಅವರ ನಾಯಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಂದರು. ಎರಡೂ ಕಡೆ ಸೇರಿ ಯುದ್ಧದಲ್ಲಿ ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಸಂವಿಧಾನ ತಿದ್ದಿ ಚರ್ಚುಗಳಿಗೆ ಕಾನೂನಿನ ಮಾನ್ಯತೆ ಕೊಡಲು 1992ರವರೆಗೆ ಕಾಯಬೇಕಾಯಿತು. 2000ನೇ ಇಸವಿ ಮೇ 21ರಂದು ಎರಡನೇ ಜಾನ್ ಪಾಲ್ ಪೋಪರು ಆ ಕಾಲದಲ್ಲಿ ಸತ್ತ ಮೆಕ್ಸಿಕೊದ 25 ಮಂದಿಗೆ ಸಂತ ಪದವಿ ಕೊಟ್ಟರು. 22 ಮಂದಿ ಪಾದ್ರಿಗಳು, ಮೂವರು ಅವರ ಜೊತೆ ಸತ್ತ ಯುವಕರು. ಬಂದೂಕು ಹಿಡಿದು ಕಾದಿದವರು ಆ ಪಟ್ಟಿಯಲ್ಲಿಲ್ಲ. 2016ರಲ್ಲಿ ಸಂತನೆನಿಸಿದ 14 ವರ್ಷದ ಹುಡುಗ ಹೊಸೆ ಸಾಂಚೆಸ್ ದೆಲ್ ರಿಯೊ ಕ್ರಿಸ್ತೆರೊಗಳ ಜೊತೆ ಬಾವುಟ ಹಿಡಿದು ಹೋದವನು.

ಉಳಿದವರ ಮಾತು ಉಳಿದದ್ದು ಜಾನ್ ಮೇಯರ್ ಎಂಬ ಫ್ರಾನ್ಸ್ ಮೂಲದ ಇತಿಹಾಸಕಾರರಿಂದ. 1960ರ ದಶಕದಲ್ಲಿ ಅವರು ಹಳ್ಳಿ ಸುತ್ತಿ, ಮುದುಕರಾಗಿದ್ದ ಕ್ರಿಸ್ತೆರೊಗಳನ್ನು ಮಾತಾಡಿಸಿ ಮೂರು ಸಂಪುಟಗಳ ‘ಲಾ ಕ್ರಿಸ್ತಿಯಾದಾ’ ಬರೆದರು. ಅಲ್ಲಿಯವರೆಗೆ ಸರ್ಕಾರಕ್ಕೂ ಚರ್ಚಿಗೂ ಇವರ ಸುದ್ದಿ ಎತ್ತುವುದು ಬೇಕಿರಲಿಲ್ಲ.