ಮೊಡವೆ ಮುಲಾಮಿನ ಹಿಂದಿನ ಸೆರೆಮನೆ

ಮೊಡವೆಯನ್ನು ಸುಶ್ರುತ ಸಂಹಿತೆ ಬೂರುಗದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಎಳೆಯ ಕಾಂಡವನ್ನು ಮುಟ್ಟಿ ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿಯಾಗಿದೆ ಎಂಬುದು ಗೊತ್ತು: ಬುಡ ಅಗಲ, ತುದಿ ಚೂಪು. ಕಫ, ವಾತ, ರಕ್ತಗಳು ಕೆಟ್ಟು ಹರೆಯದವರ ಮುಖದಲ್ಲಿ ಏಳುವ ಈ ಗುಳ್ಳೆಗಳಿಗೆ ಅಲ್ಲಿ ಮುಖದೂಷಿಕೆ ಎಂಬ ಹೆಸರಿದೆ. ಬಜೆ, ಲೋಧ್ರ ಮೊದಲಾದವುಗಳ ಲೇಪವನ್ನು ಮದ್ದಾಗಿ ಹೇಳಿದೆ. ಆದರೆ ಅದನ್ನು ಸೇರಿಸಿರುವುದು ಕ್ಷುದ್ರರೋಗಗಳ ಪಟ್ಟಿಗೆ, ಅಂದರೆ ಸಣ್ಣಪುಟ್ಟ ಕಾಯಿಲೆಗಳ ಸಾಲಿಗೆ.

ರೋಮಿನವರದೂ ಇದೇ ಧೋರಣೆ. ಒಂದನೇ ಶತಮಾನದಲ್ಲಿ ವೈದ್ಯಗ್ರಂಥ ಬರೆದ ಸೆಲ್ಸಸ್, ಮೊಡವೆಗೆ ಮದ್ದು ಮಾಡುವುದು ಹೆಚ್ಚುಕಡಿಮೆ ಹುಚ್ಚುತನವೇ, ಆದರೆ ಚೆಲುವಿನ ಚಿಂತೆಯನ್ನು ಹೆಂಗಸರಿಂದ ಬಿಡಿಸಲಾಗದಲ್ಲ ಎಂದು ಗೊಣಗಿದ. ಗೊಣಗಿದ ಮೇಲೆ ಮದ್ದನ್ನೂ ಬರೆದಿಟ್ಟ.

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಈ ಗೇಲಿ ದೋಷಾರೋಪಣೆಯಾಗಿ ಬೆಳೆಯಿತು. ಮೊಡವೆಗೆ ಹಸ್ತಮೈಥುನವೇ ಕಾರಣ, ಮದುವೆಯಾದರೆ ಗುಣವಾಗುತ್ತದೆ ಎಂದು ನಂಬಿದ ವೈದ್ಯರಿದ್ದರು. ಹುಡುಗನ ಮುಖವೇ ಅವನ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ನಮ್ಮ ಮನೆಗಳಲ್ಲಿ ಇಷ್ಟು ಕಠೋರವಾಗಿ ಹೇಳುವುದಿಲ್ಲ. ಕರಿದ ತಿಂಡಿ ಜಾಸ್ತಿಯಾಯಿತು, ಉಷ್ಣವಾಯಿತು, ಮುಖ ಸರಿಯಾಗಿ ತೊಳೆಯುವುದಿಲ್ಲ ಎನ್ನುತ್ತೇವೆ. ಒಟ್ಟಿನಲ್ಲಿ ತಪ್ಪು ಮೊಡವೆ ಬಂದವರದೇ.

ವಾಸ್ತವವಾಗಿ ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸತೊಡಗುತ್ತವೆ. ಕೂದಲಿನ ಬುಡದ ಕುಳಿಯ ಒಳಪದರದ ಜೀವಕೋಶಗಳು ಉದುರಿ ಹೋಗದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಸದಾ ಚರ್ಮದಲ್ಲಿಯೇ ಇರುವ ಒಂದು ಬ್ಯಾಕ್ಟೀರಿಯಾ ಒಳಗೆ ಹೆಚ್ಚುತ್ತದೆ, ಉರಿಯೂತವಾಗುತ್ತದೆ. ಆ ಬಿರಡೆಯ ಕಪ್ಪು ತುದಿ ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗದಿರುವುದು ಅದಕ್ಕೇ.

ಆ ಬಿರಡೆಯನ್ನೇ ಸಡಿಲಿಸುವ ಮದ್ದಿಗಾಗಿ ಲೋಕ ಬಹಳ ಕಾಲ ಕಾಯಬೇಕಾಯಿತು. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಮೊಡವೆಗೆ ಎಕ್ಸ್‌ರೇ ಹಾಯಿಸುವ ಚಿಕಿತ್ಸೆಯಿತ್ತು. ಅದರಿಂದ ಮುಂದೆ ಥೈರಾಯ್ಡ್ ಕ್ಯಾನ್ಸರಿನ ಅಪಾಯ ಹೆಚ್ಚುವುದು ತಡವಾಗಿ ತಿಳಿಯಿತು. ಕೊನೆಗೆ ಆ ಮದ್ದನ್ನು ಬಳಕೆಗೆ ತಂದವನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್. ಎ ಜೀವಸತ್ವದಿಂದ ಪಡೆಯುವ ಟ್ರೆಟಿನಾಯಿನ್ ಎಂಬ ಆಮ್ಲವನ್ನು ಅಮೆರಿಕ 1971ರಲ್ಲಿ ಮೊಡವೆಗೆ ಒಪ್ಪಿತು. ಇಂದಿಗೂ ಅದು ಮೊಡವೆಯ ಮುಖ್ಯ ಲೇಪಗಳಲ್ಲೊಂದು.

ಕ್ಲಿಗ್‌ಮನ್ 1951ರಲ್ಲಿ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿಗೆ ಹೋದದ್ದು ಕೈದಿಗಳ ಪಾದದ ಹುಳುಕಡ್ಡಿಗೆ ಮದ್ದು ಕೊಡಲು. ಒಳಹೊಕ್ಕಾಗ ಕಣ್ಣಮುಂದೆ ಎಕರೆಗಟ್ಟಲೆ ಚರ್ಮವೇ ಕಂಡಿತೆಂದೂ, ಫಲವತ್ತಾದ ಹೊಲವನ್ನು ಮೊದಲ ಸಲ ಕಂಡ ರೈತನಂತಾದೆನೆಂದೂ ಆತ ಮುಂದೆ ಪತ್ರಿಕೆಯೊಂದಕ್ಕೆ ಹೇಳಿದ. ಮಾತು ಸಂಕೋಚವಿಲ್ಲದೆ ಬಂದಿತ್ತು ಎನ್ನುವುದೇ ಗಮನಿಸಬೇಕಾದದ್ದು. 1974ರವರೆಗೂ ಅಲ್ಲಿ ಪ್ರಯೋಗಗಳು ನಡೆದವು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಹಲವರು ವಿಚಾರಣೆಗೆ ಕಾದಿದ್ದವರು, ಜಾಮೀನಿಗೆ ಹಣವಿಲ್ಲದವರು; ಕೆಲವು ಡಾಲರುಗಳಿಗಾಗಿ ಬೆನ್ನು ಕೊಟ್ಟರು. ಡೈಆಕ್ಸಿನ್‌ನಂಥ ವಿಷವನ್ನೂ ಕೆಲವರ ಚರ್ಮಕ್ಕೆ ಹಚ್ಚಲಾಯಿತು. ಟ್ರೆಟಿನಾಯಿನ್ ಹೆಚ್ಚಾದರೆ ಚರ್ಮ ಉರಿದು ಸುಲಿಯುತ್ತದೆ. ಎಷ್ಟು ಹಚ್ಚಬಹುದೆಂಬ ಲೆಕ್ಕ ಸಿಕ್ಕಿದ್ದೂ ಇಂಥ ಚರ್ಮಗಳ ಮೇಲೆಯೇ.

ಚಾಕೊಲೇಟಿನ ಕಥೆಯಲ್ಲಿಯೂ ಕೈದಿಗಳಿದ್ದಾರೆ. ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲ ಎಂದು ಸಾರಿ, ದಶಕಗಳ ಕಾಲ ವೈದ್ಯರ ಬಾಯಲ್ಲಿದ್ದ 1969ರ ಅಧ್ಯಯನದ ಲೇಖಕರಲ್ಲಿ ಕ್ಲಿಗ್‌ಮನ್ ಒಬ್ಬ. ಪರೀಕ್ಷೆಗೊಳಗಾದ 65 ಜನರಲ್ಲಿ 35 ಮಂದಿ ಕೈದಿಗಳು. ನೆರವು ಚಾಕೊಲೇಟು ತಯಾರಕರ ಸಂಘದ್ದು. ಹೋಲಿಕೆಗೆ ಕೊಟ್ಟ ಚಾಕೊಲೇಟು ಇಲ್ಲದ ಮಿಠಾಯಿಯಲ್ಲಿ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದವು! ಆಹಾರದ ಪ್ರಶ್ನೆ ಮತ್ತೆ ತೆರೆದುಕೊಂಡದ್ದು 2002ರಲ್ಲಿ, ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ 1200 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಕಾಣದೆ ಹೋದ ಮೇಲೆ. ಸಕ್ಕರೆ, ಮೈದಾಗಳ ಮೇಲೆ ಈಗ ಶಂಕೆಯಿದೆ. ಅಜ್ಜಿಯ ಮಾತು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ.

ಟ್ರೆಟಿನಾಯಿನ್ ನಮ್ಮಲ್ಲಿ ಇನ್ನೊಂದು ವೇಷದಲ್ಲಿಯೂ ಬಂತು. ಸ್ಟೀರಾಯ್ಡ್ ಮತ್ತು ಹೈಡ್ರೋಕ್ವಿನೋನ್ ಜೊತೆ ಬೆರೆತ ಮುಲಾಮನ್ನು ಮೊಡವೆಗೆ, ಬಿಳುಪಿಗೆ ಎಂದು ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳುವಾಗಿಸಿಕೊಂಡವರು ಬಹಳ. ಸ್ಟೀರಾಯ್ಡಿನಿಂದಲೇ ಮೊಡವೆ ಏಳುವುದೂ ಉಂಟು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಹೋಮ್ಸ್‌ಬರ್ಗ್‌ನ ಸುಮಾರು 300 ಮಾಜಿ ಕೈದಿಗಳು 2000ದಲ್ಲಿ ನ್ಯಾಯಾಲಯಕ್ಕೆ ಹೋದರು. ಕಾಲ ಮೀರಿದೆ ಎಂದು ಮೊಕದ್ದಮೆ ಬಿದ್ದುಹೋಯಿತು. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡ. ವಿಶ್ವವಿದ್ಯಾಲಯದ ವೈದ್ಯಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು.